ಸುತ್ತ ಕೂತವರು

ಕೋಶಗಳಿಗೆ ಭಾನುವಾರ ತಿಳಿಯದು.
ಹಾಗಾಗಿ ನಾನು ಬರಬೇಕು,
ತಾರ್ತುವಿನ ಬೀದಿದೀಪಗಳು ಇನ್ನೂ ಆರದ ಹೊತ್ತಿಗೆ
ಹೆಪ್ಪುಗಟ್ಟಿದ ಎಮಾಯೊಗಿ ದಾಟಿ.
ಆ ಹೆಸರಿಗೆ ತಾಯಿಹೊಳೆ ಎಂದರ್ಥ.
ಇಲ್ಲಿ ಯಾರೂ ಅದನ್ನು ನೆನೆದು ನಡೆಯುವುದಿಲ್ಲ,
ಜಾರದಂತೆ ನಡೆಯುತ್ತಾರೆ, ಅಷ್ಟೆ.

ಮೂವತ್ತೇಳು ಡಿಗ್ರಿಯ ಬೀರು ತೆರೆದರೆ
ಅಂಗೈಗಿಂತ ಚಿಕ್ಕದೊಂದು ತಟ್ಟೆ, ನಸುಗೆಂಪು ನೀರು,
ಮುಚ್ಚಳದ ಮೇಲೆ ನನ್ನದೇ ಸೊಟ್ಟ ಅಕ್ಷರ: ದಾನಿ ಹದಿನಾಲ್ಕು.
ಹಳೆಯ ನೀರು ಹೀರಿ ತೆಗೆಯಬೇಕು,
ಹೊಸದನ್ನು ಅಂಚಿನಗುಂಟ ಇಳಿಬಿಡಬೇಕು;
ನೇರ ಸುರಿದೆಯೋ, ಮುನಿಸಿಕೊಂಡು ಎದ್ದುಹೋಗುತ್ತವೆ.

ಮೊದಲು ಇದು ರಕ್ತ.
ಆಮೇಲೆ ಅದಕ್ಕೆ ಮರೆಯುವುದನ್ನು ಕಲಿಸಿದೆವು:
ನೀನು ರಕ್ತವಲ್ಲ, ಇನ್ನೂ ಏನೂ ಅಲ್ಲ,
ಏನು ಬೇಕಾದರೂ ಆಗಬಲ್ಲೆ.
ಏನು ಬೇಕಾದರೂ ಆಗಬಲ್ಲವರ ಪಾಡು ಗೊತ್ತಲ್ಲ.
ಒಮ್ಮೆ, ಯಾರ ತಪ್ಪೋ, ತಟ್ಟೆಯ ಮೂಲೆಯಲ್ಲಿ
ಎದೆಯಾಗಿ ಮಿಡಿಯುತ್ತಿದ್ದವು ಬೆಳಗಿನವರೆಗೆ,
ಯಾರಿಗೂ ಬೇಡವಾದ ಒಂದು ಮಿಡಿತ.
ಈ ಸಲ ಎರಡು ಜೀನುಗಳ ಬೀಗ ತೆಗೆದು
ಐದು ದಿನ ಕಾದೆವು.

ಅಂಡಾಣುಗಳಲ್ಲ ಇವು
(ಪತ್ರಿಕೆಯವರಿಗೆ ಎಷ್ಟು ಹೇಳಿದರೂ ಅಷ್ಟೆ),
ಅಂಡಾಣುವಿನ ಸುತ್ತ ಕೂರುವವರು.
ಹೆರಿಗೆಯ ಕೋಣೆಯಲ್ಲಿ ನೀರು ಕಾಯಿಸುವವರು,
ಬೆನ್ನು ನೀವುವವರು,
ಆಮೇಲೆ ಫೋಟೋದಲ್ಲಿ ಇಲ್ಲದವರು.

ನನ್ನ ಅತ್ತೆ ಹೆಲ್ಯೆ ಹಿಟ್ಟಿನ ಮರಿಗೆಯನ್ನು ಎಂದೂ ತೊಳೆದವಳಲ್ಲ.
ಮರಕ್ಕಂಟಿದ ಹುಳಿಯೇ ಬರುವ ವಾರದ ಕಪ್ಪು ರೊಟ್ಟಿಗೆ ಹೆಪ್ಪು,
ಅವಳ ಅಜ್ಜಿಯ ಕಾಲದ್ದು.
ಮದುವೆಯ ದಿನ ನನಗೊಂದು ಜಾಡಿ ತುಂಬಿ ಕೊಟ್ಟಳು.
ಮೊದಲ ತಿಂಗಳೇ ಸಾಯಿಸಿದೆ. ಹೇಳಲಿಲ್ಲ.
ಅಂಗಡಿಯ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ
ಹನ್ನೊಂದು ವರ್ಷ ಅವಳಿಗೆ ಬಡಿಸಿದೆ.
ಈ ಭಾನುವಾರಗಳನ್ನು ಪ್ರಾಯಶ್ಚಿತ್ತ ಅನ್ನಿ.

ದಾನಿಯ ಹೆಸರು ನನಗೆ ತಿಳಿಯಬಾರದು.
ಗುರುವಾರ ಅವಳೇ ಬಂದಳು, ಬಸ್ ಓಡಿಸುವವರ ನೀಲಿ ಕೋಟಿನಲ್ಲಿ:
"ನಾನು ವಿರ್ವೆ. ನನ್ನವು ಇಲ್ಲಿವೆಯಂತೆ, ನೋಡಬಹುದೇ?"
ಇಪ್ಪತ್ತೇಳಕ್ಕೆ ಕ್ಯಾನ್ಸರ್. ಔಷಧಿ ಅದನ್ನು ಕೊಂದಿತು,
ಹೋಗುವ ದಾರಿಯಲ್ಲಿ ಎರಡೂ ಅಂಡಾಶಯಗಳನ್ನು ಒಣಗಿಸಿತು.
ಮುಟ್ಟು ನಿಂತಿತು. ನಿದ್ದೆ ನಿಂತಿತು.
ಮೈನಸ್ ಹದಿನೆಂಟರಲ್ಲಿ ಆರನೇ ನಂಬರ್ ಬಸ್ಸಿನ ಕಿಟಕಿ ತೆರೆದು
ಕುತ್ತಿಗೆಯ ಬೆವರು ಒರೆಸಿಕೊಳ್ಳುತ್ತಾಳೆ;
ಹಿಂದಿನ ಸೀಟಿನವರು ಬೈಯುತ್ತಾರೆ.
ಕಳೆದ ಚಳಿಗಾಲ ಜಾರಿ ಬಿದ್ದಾಗ
ಮಣಿಕಟ್ಟು ಸೀಮೆಸುಣ್ಣದಂತೆ ಲಟಕ್ಕೆಂದಿತಂತೆ.

ಎಲ್ಲರೂ ಕೇಳುವುದನ್ನೇ ನಾನೂ ಕೇಳಿಬಿಟ್ಟೆ: ಮಗು ಬೇಕಾ?
ನಕ್ಕಳು. "ಮೊದಲು ನಿದ್ದೆ ಬೇಕು. ಮೂಳೆ ಬೇಕು.
ಮಗುವಿನ ಮಾತು ಆಮೇಲೆ ಯೋಚಿಸುತ್ತೇನೆ,
ಅಥವಾ ಯೋಚಿಸುವುದಿಲ್ಲ."

ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಬಹಳ ಹೊತ್ತು ಬಗ್ಗಿದ್ದಳು.
"ಇವಕ್ಕೆ ನನ್ನ ಕಾಯಿಲೆ ಗೊತ್ತೇ?"
ಇಲ್ಲ, ಅಂದೆ. ಎಲ್ಲ ಮರೆಸಿದ್ದೇವೆ.
"ಪುಣ್ಯ ಮಾಡಿವೆ."

ಅವಳ ಮೈಗೆ ಇವು ಮರಳುವುದಿಲ್ಲ, ಸದ್ಯಕ್ಕಂತೂ.
ವರ್ಷಗಳು ಬೇಕು; ಆಗದೆಯೂ ಹೋಗಬಹುದು.
ಅದನ್ನೆಲ್ಲ ಓದಿಯೇ ಸಹಿ ಹಾಕಿದ್ದಾಳೆ.

ಇವತ್ತು ಹೀರಿದ ಹಳೆಯ ನೀರನ್ನು ಚೆಲ್ಲದೆ ಯಂತ್ರಕ್ಕಿಟ್ಟೆ.
ಈಸ್ಟ್ರೋಜನ್:
ಅಳೆಯಬಹುದಾದಷ್ಟು, ಯಾವ ಮೈಗೂ ಸಾಲದಷ್ಟು.
ಅಂಡಾಣುವೇ ಇಲ್ಲದ ತಟ್ಟೆಯಲ್ಲಿ,
ಯಾರೂ ಹೆರದ ಕೋಣೆಯಲ್ಲಿ,
ಯಾರೋ ನೀರು ಕಾಯಲು ಇಟ್ಟಿದ್ದಾರೆ.

ಸಂಖ್ಯೆ ಬರೆದೆ, ಬೀರು ಮುಚ್ಚಿದೆ, ನಿಲ್ದಾಣದಲ್ಲಿ ಕಾದೆ.
ಬಂತು ಆರನೇ ನಂಬರ್. ಕಿಟಕಿ ತೆರೆದೇ ಇತ್ತು.
ಹೇಳುವಂತಿಲ್ಲ ನಾನು, ನಿಯಮ.
ಅವಳ ಬೆನ್ನ ಹಿಂದಿನ ಸೀಟಿನಲ್ಲೇ ಕೂತು
ಕೋಟಿನ ಕೊನೆಯ ಗುಂಡಿಯನ್ನೂ ಹಾಕಿಕೊಂಡೆ,
ಗೊಣಗದೆ.